ಡೆನ್ಸೋ ಇಗ್ನಿಷನ್ ಕಾಯಿಲ್: ಹಳೆ ಕಾರಿನ ಮಿಸ್ಸಿಂಗ್ ಹುಡುಕಿ, ಬದಲಿಸಿ, ಓಡಿಸಿ ನೋಡಿದ ಮೇಲೆ

ಇಗ್ನಿಷನ್ ಕಾಯಿಲ್ ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರಲು ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ. ಈ ಡೆನ್ಸೋ ಕಾಯಿಲ್ ಚೆನ್ನಾಗಿದೆ, ಕೊಳ್ಳಬಹುದು. ಮೊದಲೇ ಹೇಳಿಬಿಡುತ್ತೇನೆ, ಕೆಲವರಿಗೆ ಬೇಕಾಗಿರುವುದು ಅಷ್ಟೇ ಅಲ್ವಾ? ಹಾಕಿದ ಮೇಲೆ ಒಂದು ಪೂರ್ತಿ ಬೇಸಿಗೆ ಓಡಿಸಿದ್ದೇನೆ. ಏರು ರಸ್ತೆ, ಎಸಿ, ಕಾರು ತುಂಬ ಜನ, ಡಿಕ್ಕಿ ತುಂಬ ಸಾಮಾನು, ಎಲ್ಲ ಆಗಿದೆ. ಒಂದು ಸಲವೂ ಮಿಸ್ಸಿಂಗ್ ಹೊಡೆದಿಲ್ಲ, ಅಂದರೆ ಯಾವ ಸಿಲಿಂಡರೂ ಉರಿಯದೆ ತಪ್ಪಿಸಿಕೊಂಡಿಲ್ಲ.

ಆದರೆ ಕಾಯಿಲ್ ಬಗ್ಗೆ ಹೇಳುವುದಕ್ಕಿಂತ ಜಾಸ್ತಿ, ಅದನ್ನು ಕೊಳ್ಳುವ ಮೊದಲು ಮಾಡಬೇಕಾದ ಕೆಲಸದ ಬಗ್ಗೆ ಹೇಳಬೇಕಿದೆ. ಕಾಯಿಲ್ ಕೈ ಕೊಡುವುದು ಬಹಳ ಸಲ ಬಿಸಿಯಾದಾಗ, ಇಂಜಿನ್ ಮೇಲೆ ಭಾರ ಬಿದ್ದಾಗ. ತಣ್ಣಗಿರುವಾಗ, ಗಾಡಿ ನಿಂತಲ್ಲೇ ನಿಂತಿರುವಾಗ ಪರೀಕ್ಷೆ ಮಾಡಿದರೆ ಅದು ಆರಾಮಾಗಿ ಪಾಸಾಗುತ್ತದೆ. ಎಷ್ಟೋ ಹಳೆ ಗಾಡಿಗಳಲ್ಲಿ ಪ್ಲಗ್, ಇಂಜೆಕ್ಟರ್, ಪೆಟ್ರೋಲ್ ಪಂಪು ಎಲ್ಲ ಹೊಸದಾಗಿ, ಕೆಟ್ಟ ಕಾಯಿಲ್ ಮಾತ್ರ ಇದ್ದಲ್ಲೇ ಉಳಿಯುವುದು ಇದೇ ಕಾರಣಕ್ಕೆ. ನಾನು ಕೊಂಡ ಮೂರು ವಸ್ತುಗಳನ್ನೂ, ಅಂದರೆ ಸ್ಕ್ಯಾನರ್, ಸ್ಪಾರ್ಕ್ ಟೆಸ್ಟರ್ ಮತ್ತು ಕಾಯಿಲ್, ಈ ಒಂದೇ ಅಳತೆಯಲ್ಲಿ ನೋಡಿದ್ದೇನೆ: ಬಿಸಿಯಲ್ಲಿ, ಭಾರದಲ್ಲಿ ಅದು ಏನು ಹೇಳುತ್ತದೆ?

ಕಾರು ಅಪ್ಪನದು. 2000ರ ದಶಕದ ಪೆಟ್ರೋಲ್ ಸೆಡಾನ್, 1.8 ಲೀಟರ್, ನಾಲ್ಕು ಸಿಲಿಂಡರ್. ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಈಗ ಹೆಚ್ಚಾಗಿ ಓಡಿಸುವವಳು ನಾನು, ನೋಡಿಕೊಳ್ಳುವವಳೂ ನಾನೇ. ಇದರಲ್ಲಿ ಒಂದೇ ಕಾಯಿಲ್‌ನ ಕರೆಂಟನ್ನು ಎಲ್ಲ ಪ್ಲಗ್‌ಗಳಿಗೂ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ, ಉದ್ದನೆಯ ಪ್ಲಗ್ ವೈರುಗಳಿಲ್ಲ. ಒಂದೊಂದು ಪ್ಲಗ್ ಮೇಲೂ ಅದರದೇ ಕಾಯಿಲ್ ನೆಟ್ಟಗೆ ಕೂತಿರುತ್ತದೆ. ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ಮೇಲೆ ಕಾಣುವುದು ಕಾಯಿಲ್‌ನ ತಲೆ ಮತ್ತು ವೈರ್ ಸಿಕ್ಕಿಸುವ ಕಪ್ಲರ್ ಮಾತ್ರ. ಉಳಿದ ಭಾಗ ಪ್ಲಗ್ ಕೂರುವ ಆಳದ ತೂತಿನಲ್ಲಿ, ಅಂದರೆ ಪ್ಲಗ್ ಬಾವಿಯೊಳಗೆ, ಕುದಿಯುವ ಇಂಜಿನ್ನಿನ ನಟ್ಟನಡುವೆ ಇರುತ್ತದೆ.

ತೊಂದರೆ ಶುರುವಾದದ್ದು ಹೀಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಐಡ್ಲಿಂಗ್ ನೆಟ್ಟಗಿದೆ, ಪಿಕಪ್ ಇದೆ. ಅರ್ಧ ಗಂಟೆ ಓಡಿದ ಮೇಲೆ, ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಜರ್ಕ್. ಕಾಲು ಹಿಂದೆಗೆದರೆ ಸರಿಹೋಗುತ್ತದೆ. ಗೇರ್ ಇಳಿಸಿ ಆರ್‌ಪಿಎಂ ಜಾಸ್ತಿ ಮಾಡಿಕೊಂಡು ಹೋದರೂ ಸುಮಾರಾಗಿ ಎಳೆಯುತ್ತದೆ. ಕೆಲವು ಸಲ ಚೆಕ್ ಇಂಜಿನ್ ದೀಪ ಒಂದಿಷ್ಟು ಹೊತ್ತು ಮಿಣುಕಿ ಆಮೇಲೆ ಸುಮ್ಮನಾಗುತ್ತದೆ. ಮೈಲೇಜ್ ಕೂಡ ಇಳಿದಿತ್ತು. ಅದಕ್ಕೂ ಕಾರಣವಿದೆ. ಉರಿಯದ ಸಿಲಿಂಡರ್‌ನಿಂದ ಬಳಕೆಯಾಗದ ಆಕ್ಸಿಜನ್ ಹಾಗೇ ಹೊರಗೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಕಮ್ಮಿಯಾಗಿದೆ ಅಂತ ತಿಳಿಯುತ್ತದೆ. ಆಗ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇನ್ನಷ್ಟು ಪೆಟ್ರೋಲ್ ಬಿಡುತ್ತದೆ.

ಭಾರ ಬಿದ್ದಾಗಲೇ ಯಾಕೆ ಮಿಸ್ಸಿಂಗ್? ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿಗೆ ಗಾಳಿ ಜಾಸ್ತಿ ಹೋಗುತ್ತದೆ. ಒಳಗೆ ಒತ್ತಡ ಏರುತ್ತದೆ. ಒತ್ತಡ ಹೆಚ್ಚಾದಷ್ಟೂ ಪ್ಲಗ್ ಸಂದಿನಲ್ಲಿ ಕಿಡಿ ಹಾರಿಸಲು ಜಾಸ್ತಿ ವೋಲ್ಟೇಜ್ ಬೇಕು. ಐಡ್ಲಿಂಗ್‌ನಲ್ಲಿ ಸಾಕಾಗುವ ವೋಲ್ಟೇಜ್ ಏರಿನಲ್ಲಿ ಸಾಕಾಗುವುದಿಲ್ಲ. ಕಾಯಿಲ್ ಒಳಗೆ ಎಲ್ಲೋ ಇನ್ಸುಲೇಷನ್ ಬಿರುಕು ಬಿಟ್ಟಿದ್ದರೆ, ಪ್ಲಗ್ ಸಂದಿಗಿಂತ ಆ ಬಿರುಕೇ ಕರೆಂಟಿಗೆ ಸುಲಭದ ದಾರಿ. ಕಿಡಿ ಅಲ್ಲೇ ಹಾರಿ ಮುಗಿದುಹೋಗುತ್ತದೆ. ಪ್ಲಗ್‌ಗೆ ಏನೂ ತಲುಪುವುದಿಲ್ಲ.

ಕಾಯಿಲ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ಅದೊಂದು ಟ್ರಾನ್ಸ್‌ಫಾರ್ಮರ್. ದಪ್ಪ ತಂತಿಯ ಒಂದು ಸುತ್ತು, ಅದು ಪ್ರೈಮರಿ. ಬಹಳ ತೆಳುವಾದ ತಂತಿಯ ಇನ್ನೊಂದು ಸುತ್ತು, ಅದು ಸೆಕೆಂಡರಿ. ಪ್ರೈಮರಿಯಲ್ಲಿ ಕೆಲವು ನೂರು ಸುತ್ತು ಇದ್ದರೆ ಸೆಕೆಂಡರಿಯಲ್ಲಿ ಸಾವಿರಾರು. ಇಸಿಯು ಹೇಳಿದಾಗ ಪ್ರೈಮರಿಯಲ್ಲಿ ಕೆಲವೇ ಮಿಲಿಸೆಕೆಂಡ್ 12 ವೋಲ್ಟ್ ಕರೆಂಟ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಆಮೇಲೆ ಕರೆಂಟ್ ಥಟ್ಟನೆ ಕಟ್. ಜೋರಾಗಿ ಹರಿಯುವ ನಲ್ಲಿಯನ್ನು ಒಮ್ಮೆಲೇ ನಿಲ್ಲಿಸಿದರೆ ಪೈಪಿನೊಳಗೆ ದಡ್ ಅಂತ ಬಡಿಯುತ್ತದಲ್ಲ, ಇಲ್ಲಿ ಆಗುವುದೂ ಹಾಗೇ. ಕ್ಷೇತ್ರ ಕುಸಿದ ರಭಸಕ್ಕೆ ಪ್ರೈಮರಿಯಲ್ಲೇ ಕೆಲವು ನೂರು ವೋಲ್ಟ್ ಏಳುತ್ತದೆ. ಸೆಕೆಂಡರಿಯಲ್ಲಿ ಅದು 20,000, 30,000, ಕೆಲವು ಕಾಯಿಲ್‌ಗಳಲ್ಲಿ 40,000 ವೋಲ್ಟ್‌ವರೆಗೂ ಹೋಗಬಲ್ಲದು.

ಈ ಕೆಲಸ ಎಷ್ಟು ಸಲ ಆಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಇಂಜಿನ್ 3,000 ಆರ್‌ಪಿಎಂನಲ್ಲಿದ್ದರೆ ಒಂದು ಕಾಯಿಲ್ ಸೆಕೆಂಡಿಗೆ 25 ಕಿಡಿ ಕೊಡಬೇಕು. ಸರಾಸರಿ ಗಂಟೆಗೆ 40 ಕಿಲೋಮೀಟರ್, 2,000 ಆರ್‌ಪಿಎಂ ಅಂತಿಟ್ಟುಕೊಂಡರೆ, ಎರಡು ಲಕ್ಷ ಕಿಲೋಮೀಟರಿಗೆ ಒಂದೊಂದು ಕಾಯಿಲ್ ಸುಮಾರು 30 ಕೋಟಿ ಕಿಡಿ ಹಾರಿಸಿರುತ್ತದೆ. ಅಷ್ಟೂ ಸಲ ಬಿಸಿ, ಅಷ್ಟೂ ಸಲ ನಡುಕ. ಹಳೆ ಕಾರಿನ ಕಾಯಿಲ್ ಕೆಟ್ಟಿತು ಅಂತ ಯಾರಾದರೂ ಬೇಸರಪಟ್ಟುಕೊಂಡರೆ ನನಗೆ ಈ ಲೆಕ್ಕ ನೆನಪಾಗುತ್ತದೆ. ಇಷ್ಟು ದಿನ ಬಾಳಿದ್ದೇ ದೊಡ್ಡದು.

ಇನ್ನು ಸ್ಕ್ಯಾನರ್. ನನ್ನ ಹತ್ತಿರ ಇರುವುದು ಬ್ಲೂಟೂತ್‌ನಲ್ಲಿ ಫೋನಿಗೆ ಸೇರುವ ಪುಟ್ಟ ಓಬಿಡಿ ರೀಡರ್, ಅಂದರೆ ಇಸಿಯು ಬರೆದಿಟ್ಟ ದೋಷದ ಕೋಡ್ ಓದುವ ಸಾಧನ. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಸಿಕ್ಕಿಸುವಂಥದ್ದು. ಈ ಸಾಕೆಟ್ ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾಗಿದೆ. ಹಾಗಾಗಿ ಹಳೆ ಗಾಡಿ ಅಂದ ಮಾತ್ರಕ್ಕೆ ಇದು ಇಲ್ಲ ಅಂದುಕೊಳ್ಳಬೇಡಿ, ಡ್ಯಾಶ್ ಕೆಳಗೆ ಒಮ್ಮೆ ಬಗ್ಗಿ ನೋಡಿ. ನನಗೆ ಸಿಕ್ಕ ಕೋಡ್ ಪಿ0303. ಮೂರನೇ ಸಿಲಿಂಡರ್ ಮಿಸ್‌ಫೈರ್.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಪಿ0303 ಅಂದರೆ ಕಾಯಿಲ್ ಹೋಗಿದೆ ಅಂತಲ್ಲ. ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಳ್ಳಿ ತಿರುಗಿಸುವ ದಂಡ. ಕ್ರ್ಯಾಂಕ್ ಸೆನ್ಸರ್ ಅದು ತಿರುಗುವ ವೇಗ ನೋಡುತ್ತಿರುತ್ತದೆ. ಮೂರನೇ ಸಿಲಿಂಡರ್ ಉರಿಯಬೇಕಾದ ಹೊತ್ತಿಗೆ ವೇಗ ಚೂರು ಕುಗ್ಗಿತು ಅಂದರೆ ಆ ಕೋಡ್ ಬೀಳುತ್ತದೆ. ಮೂರನೆಯದು ತಳ್ಳಲಿಲ್ಲ, ಅಷ್ಟೇ ಅದರ ಅರ್ಥ. ಯಾಕೆ ತಳ್ಳಲಿಲ್ಲ ಅಂತ ಅದು ಹೇಳುವುದಿಲ್ಲ. ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ವಾಲ್ವ್ ಸೋರುತ್ತಿರಬಹುದು. ಪಿ0351ರಿಂದ ಪಿ0354ರವರೆಗಿನ ಕೋಡುಗಳು ಬೇರೆ. ಅವು ಕಾಯಿಲ್ ಸರ್ಕ್ಯೂಟಿನವು. ಅವು ಬಂದರೂ ವೈರಿಂಗ್ ನೋಡದೆ ಕಾಯಿಲ್ ತರಬಾರದು. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲ ಅಂತ. ಆಗ ಪೆಟ್ರೋಲ್ ಒತ್ತಡ, ಗಾಳಿ ಸೋರಿಕೆ ಇಂಥದ್ದನ್ನು ಮೊದಲು ನೋಡುವುದು ಒಳ್ಳೆಯದು.

ಚೆಕ್ ಇಂಜಿನ್ ದೀಪ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕುತ್ತಿದ್ದರೆ ಕಾಲು ಹಿಂದೆಗೆಯಿರಿ, ಭಾರ ಇಳಿಸಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕಾದು ಒಳಗಿನ ಜಾಲರಿ ಕರಗಿದರೆ, ಅದರ ಖರ್ಚಿನ ಮುಂದೆ ಕಾಯಿಲ್ ಏನೇನೂ ಅಲ್ಲ.

ಸ್ಕ್ಯಾನರ್ ಬಗ್ಗೆ ನನ್ನ ಅಭಿಪ್ರಾಯ: ಇರಲೇಬೇಕು. ಆದರೆ ಅದರ ನಿಜವಾದ ಉಪಯೋಗ ಕೋಡ್ ಓದುವುದರಲ್ಲಿಲ್ಲ, ಅಳಿಸುವುದರಲ್ಲಿದೆ. ಯಾಕೆಂದರೆ ಮುಂದಿನ ಪರೀಕ್ಷೆ ನಿಂತಿರುವುದೇ ಅದರ ಮೇಲೆ.

ಪರೀಕ್ಷೆ ಬಹಳ ಸರಳ. ಮೂರನೇ ಸಿಲಿಂಡರಿನ ಕಾಯಿಲ್ ತೆಗೆದು ಒಂದನೆಯದರಲ್ಲಿ ಹಾಕಬೇಕು, ಒಂದನೆಯದನ್ನು ಮೂರರಲ್ಲಿ. ಪ್ಲಗ್ ಮುಟ್ಟಬಾರದು, ಇಂಜೆಕ್ಟರ್ ಮುಟ್ಟಬಾರದು. ಒಂದು ಸಲಕ್ಕೆ ಒಂದೇ ವಸ್ತು ಜಾಗ ಬದಲಿಸಬೇಕು. ಕೋಡ್ ಅಳಿಸಿ, ತೊಂದರೆ ಎಲ್ಲಿ ಕಾಣಿಸಿಕೊಂಡಿತ್ತೋ ಅದೇ ಪರಿಸ್ಥಿತಿಯಲ್ಲಿ ಓಡಿಸಬೇಕು. ಮನೆ ಮುಂದೆ ಐಡ್ಲಿಂಗ್‌ನಲ್ಲಿ ನಿಲ್ಲಿಸಿಕೊಂಡು ಕಾದರೆ ಕೋಡ್ ಬರುವುದೇ ಇಲ್ಲ. ಆಗ ಸರಿಹೋಯಿತು ಅಂತ ಅನ್ನಿಸಿಬಿಡುತ್ತದೆ.

ಅಪ್ಪ ಪಕ್ಕದ ಸೀಟಿನಲ್ಲಿ ಫೋನ್ ಹಿಡಿದುಕೊಂಡು ಕೂತರು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದೆ. ಜರ್ಕ್ ಬಂತು.

"ಅಪ್ಪ, ಏನು ತೋರಿಸ್ತಿದೆ ನೋಡಿ. ಮತ್ತೆ ಮೂರೇನಾ?"

"ಇಲ್ಲ ಕಣಮ್ಮ, ಈಗ ಒಂದು ಅಂತಿದೆ. ಪಿ ಸೊನ್ನೆ ಮೂರು ಸೊನ್ನೆ ಒಂದು. ಗೇರ್ ಇಳಿಸು, ದೀಪ ಮಿಣುಕ್ತಾ ಇದೆ."

ಕಾಯಿಲ್ ಹೋದಲ್ಲಿಗೇ ತೊಂದರೆಯೂ ಹೋಯಿತು. ಪಿ0303 ಅಲ್ಲೇ ಉಳಿದಿದ್ದರೆ ಮುಂದಿನ ಸರದಿ ಪ್ಲಗ್‌ದು, ಅದಾದ ಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಈ ಅದಲು ಬದಲಿಗೆ ಬೇಕಾದದ್ದು 10 ನಂಬರ್ ಸಾಕೆಟ್ ಮತ್ತು ತಾಳ್ಮೆ. ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ಖಚಿತವಾದ ಉತ್ತರ ಕೊಡುವ ಪರೀಕ್ಷೆ ಕಾರಿನಲ್ಲಿ ಬೇರೆ ಇಲ್ಲ ಅಂತ ನನ್ನ ನಂಬಿಕೆ. ಯಾವ ಗ್ಯಾರೇಜಿಗೆ ಹೋದರೂ "ಕಾಯಿಲ್ ಹೋಗಿದೆ" ಅಂದ ತಕ್ಷಣ "ಅದಲು ಬದಲು ಮಾಡಿ ನೋಡಿದ್ರಾ?" ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಎಲ್ಲ ಗಾಡಿಗಳಲ್ಲೂ ಇದು ಆಗುವುದಿಲ್ಲ, ನಿಜ. ಡಿಸ್ಟ್ರಿಬ್ಯೂಟರ್ ಇರುವ ಇನ್ನೂ ಹಳೆ ಗಾಡಿಗೆ ಇರುವುದು ಒಂದೇ ಕಾಯಿಲ್. ಅದು ಕೆಟ್ಟರೆ ಎಲ್ಲ ಸಿಲಿಂಡರಿಗೂ ಒಟ್ಟಿಗೆ ತೊಂದರೆ. ಬಿಸಿಯಾದಾಗ ಆಫ್ ಆಗಿ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಗಾಡಿಗಳಲ್ಲಿ ಇದನ್ನು ಅನುಮಾನಿಸಬೇಕು. ಎರಡು ಸಿಲಿಂಡರಿಗೆ ಒಂದು ಕಾಯಿಲ್ ಇರುವ ಗಾಡಿಯಲ್ಲಿ ಒಂದು ಮತ್ತು ನಾಲ್ಕು, ಇಲ್ಲವೇ ಎರಡು ಮತ್ತು ಮೂರು ಜೋಡಿಯಾಗಿ ಮಿಸ್ಸಿಂಗ್ ಹೊಡೆದರೆ ಕಾಯಿಲ್ ಕಡೆ ಬೆರಳು ತೋರಿಸುತ್ತದೆ.

ಮಲ್ಟಿಮೀಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಡಬ್ಬಿ ಆಕಾರದ ಹಳೆ ಕಾಯಿಲ್‌ಗೆ ಅದು ಒಂದಿಷ್ಟು ಉಪಯೋಗಕ್ಕೆ ಬರುತ್ತದೆ. ಪ್ರೈಮರಿ ಸಾಮಾನ್ಯವಾಗಿ ಅರ್ಧ ಓಮ್‌ನಿಂದ ಮೂರು ಓಮ್ ಒಳಗೆ, ಸೆಕೆಂಡರಿ ಕೆಲವು ಸಾವಿರ ಓಮ್. ಸರಿಯಾದ ಅಂಕಿ ಆಯಾ ಗಾಡಿಯ ಪುಸ್ತಕದಲ್ಲೇ ನೋಡಬೇಕು. ತಂತಿ ಪೂರ್ತಿ ತುಂಡಾಗಿದ್ದರೆ ಮೀಟರ್ ಹೇಳುತ್ತದೆ. ಆದರೆ ನನ್ನ ಕಾರಿನ ಕಾಯಿಲ್ ನಾಲ್ಕು ಪಿನ್ನಿನದು. 12 ವೋಲ್ಟ್, ಅರ್ತ್, ಇಸಿಯು ಕಳಿಸುವ ಸಿಗ್ನಲ್, ಕಿಡಿ ಹಾರಿತು ಅಂತ ವಾಪಸ್ ಹೋಗುವ ಸಿಗ್ನಲ್. ಪ್ರೈಮರಿ ಕರೆಂಟನ್ನು ಬಿಟ್ಟು ಕಟ್ ಮಾಡುವ ಇಗ್ನೈಟರ್ ಕಾಯಿಲ್ ಒಳಗೇ ಇದೆ. ಹಾಗಾಗಿ ಪ್ರೈಮರಿಯನ್ನು ಮೀಟರ್ ಮುಟ್ಟುವುದೇ ಇಲ್ಲ. ಮೇಲಾಗಿ ಮೀಟರ್ ಕಳಿಸುವುದು ಕೆಲವೇ ವೋಲ್ಟ್. 20,000 ವೋಲ್ಟ್ ಬಂದಾಗ ಮಾತ್ರ ಸೋರುವ ಬಿರುಕು ಅದಕ್ಕೆ ಹೇಗೆ ಕಾಣಬೇಕು? ಬಿಸಿಯ ಲೆಕ್ಕವೂ ಇದೆ. ತಾಮ್ರದ ತಂತಿ 20 ಡಿಗ್ರಿಯಿಂದ 100 ಡಿಗ್ರಿಗೆ ಕಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ 30ರಷ್ಟು ಏರುತ್ತದೆ. ಟೇಬಲ್ ಮೇಲೆ ತಣ್ಣಗಿಟ್ಟು ಅಳೆದ ಅಂಕಿಗೂ ಬಾನೆಟ್ ಕೆಳಗಿನ ಸ್ಥಿತಿಗೂ ಸಂಬಂಧ ಕಮ್ಮಿ. ನಾನು ಮೀಟರ್ ಬಳಸಿದ್ದು ಒಂದಕ್ಕೇ: ಕೀ ಆನ್ ಮಾಡಿ ಕಪ್ಲರಿಗೆ 12 ವೋಲ್ಟ್ ಬರುತ್ತಿದೆಯಾ, ಅರ್ತ್ ಗಟ್ಟಿಯಾಗಿದೆಯಾ ಅಂತ ನೋಡುವುದಕ್ಕೆ. ಎರಡೂ ಇತ್ತು.

ನನಗೆ ನಿಜಕ್ಕೂ ಖುಷಿ ಕೊಟ್ಟ ಸಾಮಾನು ಸ್ಪಾರ್ಕ್ ಟೆಸ್ಟರ್, ಕಾಯಿಲ್ ಎಷ್ಟು ಅಂತರ ಕಿಡಿ ಹಾರಿಸಬಲ್ಲದು ಅಂತ ನೋಡುವ ಸಾಧನ. ಎರಡು ಚೂಪು ಮೊನೆ, ನಡುವಿನ ಅಂತರ ಹೊಂದಿಸಲು ಒಂದು ತಿರುಪು, ಇಂಜಿನ್ ಲೋಹಕ್ಕೆ ಕಚ್ಚಿಸಲು ಒಂದು ಕ್ಲಿಪ್. ಬ್ಯಾಟರಿ ಇಲ್ಲ, ಡಿಸ್‌ಪ್ಲೇ ಇಲ್ಲ.

ಪ್ಲಗ್ ಬಿಚ್ಚಿ ಕಾಯಿಲ್‌ಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ಹಿಡಿದು ಸೆಲ್ಫ್ ಹೊಡೆದು "ನೋಡಿ, ಕಿಡಿ ಬರ್ತಿದೆ, ಕಾಯಿಲ್ ಸರಿ ಇದೆ" ಅನ್ನುವುದು ಎಲ್ಲ ಕಡೆಯ ಅಭ್ಯಾಸ. ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಹೊರಗಿನ ಬರಿ ಗಾಳಿಯಲ್ಲಿ ಪ್ಲಗ್‌ನ ಒಂದು ಮಿಲಿಮೀಟರ್ ಸಂದಿಗೆ ಕಮ್ಮಿ ವೋಲ್ಟೇಜ್ ಸಾಕು. ಸಾಯುತ್ತಿರುವ ಕಾಯಿಲ್ ಕೂಡ ಅಷ್ಟು ಕೊಡುತ್ತದೆ. ಸಿಲಿಂಡರ್ ಒಳಗಿನ ಒತ್ತಡದಲ್ಲಿ ಬೇಕಾಗುವುದು ಅದರ ಎಷ್ಟೋ ಪಟ್ಟು. ಟೆಸ್ಟರಿನಲ್ಲಿ ಅಂತರ ಜಾಸ್ತಿ ಮಾಡಿದಾಗ ಕಾಯಿಲ್ ಹೊರಗಿನ ಗಾಳಿಯಲ್ಲೂ ಅಷ್ಟೇ ಕಷ್ಟಪಡಬೇಕಾಗುತ್ತದೆ. ಅದಕ್ಕೇ ಇದು ನಂಬಿಕೆಗೆ ಅರ್ಹ.

ನಾನು ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಇಂಜೆಕ್ಟರ್ ಕಪ್ಲರುಗಳನ್ನೂ ಬಿಚ್ಚಿಟ್ಟೆ. ಕಿಡಿ ಹಾರಿಸುವಾಗ ಪೆಟ್ರೋಲ್ ಆವಿ ಸುತ್ತಮುತ್ತ ಇರಲೇಬಾರದು. ತಣ್ಣಗಿದ್ದಾಗ ನಾಲ್ಕೂ ಕಾಯಿಲ್ 10 ಮಿಲಿಮೀಟರ್ ಅಂತರವನ್ನು ದಾಟಿದವು. ನೀಲಿ ಬಿಳಿ ಬಣ್ಣದ ದಪ್ಪ ಕಿಡಿ, ಚಟ್ ಚಟ್ ಅನ್ನುವ ಶಬ್ದ. ಎಲ್ಲವೂ ಪಾಸ್. ಆಮೇಲೆ ಎಲ್ಲ ವಾಪಸ್ ಜೋಡಿಸಿ, ಕಾರು ಓಡಿಸಿ ಬಿಸಿ ಮಾಡಿ, ಕೈಗೆ ಗ್ಲೌಸ್ ಹಾಕಿಕೊಂಡು ತಕ್ಷಣ ಮತ್ತೆ ನೋಡಿದೆ. ಮೂರು ಕಾಯಿಲ್ ಹಾಗೇ ಹಾರಿಸಿದವು. ಅನುಮಾನದ ಕಾಯಿಲ್ ಮಾತ್ರ ಒಮ್ಮೆ ಹಾರಿಸಿ ಒಮ್ಮೆ ಬಿಟ್ಟು, ತೆಳು ಹಳದಿ ಕಿಡಿ ಕೊಡುತ್ತಿತ್ತು. ಹತ್ತಿರ ಕಿವಿ ಕೊಟ್ಟರೆ ಕಾಯಿಲ್‌ನ ಮೈಯೊಳಗಿಂದಲೇ ಸಣ್ಣಗೆ ಟಿಕ್ ಟಿಕ್ ಕೇಳಿಸುತ್ತಿತ್ತು. ಕಿಡಿ ಒಳಗೇ ಹಾರುತ್ತಿದ್ದ ಸದ್ದು ಅದು.

ಟೆಸ್ಟರಿನ ಮೇಲೆ ಅಚ್ಚು ಹಾಕಿರುವ ಕಿಲೋವೋಲ್ಟ್ ಅಂಕಿಗಳನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಒಂದು ಕಾಯಿಲನ್ನು ಇನ್ನೊಂದರ ಜೊತೆ ಹೋಲಿಸುವುದಕ್ಕೆ ಅದು ಸರಿ. ಅಂತರವನ್ನು ಸುಮ್ನೆ ಜಾಸ್ತಿ ಮಾಡುತ್ತಾ ಹೋಗಲೂಬಾರದು. ಕಿಡಿಗೆ ಹಾರಲು ಜಾಗವೇ ಇಲ್ಲದಿದ್ದರೆ ಒಳ್ಳೆ ಕಾಯಿಲ್‌ನ ಇನ್ಸುಲೇಷನ್ ಕೂಡ ಒಡೆಯಬಹುದು. ನನಗೆ ಸಿಕ್ಕ ಟೆಸ್ಟರಿನ ಕ್ಲಿಪ್ ಸ್ಪ್ರಿಂಗ್ ಮಾತ್ರ ಸಡಿಲ. ಸೆಲ್ಫ್ ಹೊಡೆದಾಗಿನ ನಡುಕಕ್ಕೆ ಕಳಚಿಕೊಳ್ಳುತ್ತದೆ. ಕಳಚಿದರೆ ಆ ವೋಲ್ಟೇಜ್ ಬೇರೆ ದಾರಿ ಹುಡುಕುತ್ತದೆ, ಆ ದಾರಿ ನಿಮ್ಮ ಕೈ ಆಗಬಾರದು. ನಾನು ಬೇರೆ ಗಟ್ಟಿ ಕ್ಲಿಪ್ ಹಾಕಿಕೊಂಡೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರ ಬರಲೇಬಾರದು. ಇಂಜಿನ್ ಓಡುತ್ತಿರುವಾಗ ಕಾಯಿಲ್ ಕಿತ್ತು ನೋಡುವ ಅಭ್ಯಾಸವನ್ನೂ ಬಿಡಬೇಕು.

ಕಾಯಿಲ್ ಬಿಚ್ಚುವಾಗ ಹಳೆ ಗಾಡಿಯ ನಿಜವಾದ ಕಷ್ಟ ಕಪ್ಲರಿನಲ್ಲಿದೆ. ಅದರ ಲಾಕ್ ವರ್ಷಗಟ್ಟಲೆ ಬಿಸಿ ತಿಂದು ಗರಿಗರಿಯಾಗಿರುತ್ತದೆ. ಒತ್ತಿ ಎಳೆದರೆ ಲಾಕ್ ಮುರಿದು ಕೈಗೆ ಬರುತ್ತದೆ. ನಾನು ಮಾಡುವುದು ಹೀಗೆ. ಮೊದಲು ಕಪ್ಲರನ್ನು ಕಾಯಿಲ್ ಕಡೆಗೇ ಚೂರು ಒಳಕ್ಕೆ ತಳ್ಳುತ್ತೇನೆ. ಆಗ ಲಾಕ್ ಮೇಲಿನ ಬಿಗಿ ಹೋಗುತ್ತದೆ. ಅದೇ ಹೊತ್ತಿಗೆ ಹೆಬ್ಬೆರಳಿನಿಂದ ಲಾಕ್ ಒತ್ತಿ, ಕಪ್ಲರಿನ ಮೈ ಹಿಡಿದು ಹಿಂದಕ್ಕೆ ಜಾರಿಸುತ್ತೇನೆ. ವೈರ್ ಹಿಡಿದು ಎಳೆಯುವುದಿಲ್ಲ. ಕಪ್ಲರ್ ಹತ್ತಿರ ವೈರ್ ಬಗ್ಗುವ ಜಾಗದಲ್ಲಿ ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿರುವುದುಂಟು. ಅಲ್ಲಿ ಬೆರಳಲ್ಲಿ ಒತ್ತಿ, ಮೆಲ್ಲಗೆ ಬಗ್ಗಿಸಿ ನೋಡಬೇಕು.

ಬೋಲ್ಟ್ ತೆಗೆದ ಮೇಲೆ ಕಾಯಿಲನ್ನು ನೇರ ಎಳೆಯಬೇಡಿ. ಆ ಕಡೆ ಈ ಕಡೆ ಸ್ವಲ್ಪ ತಿರುಗಿಸಿ. ಕಾಯಿಲ್‌ನ ಕೆಳ ತುದಿಯ ರಬ್ಬರ್ ಕೊಳವೆ, ಅಂದರೆ ಬೂಟ್, ಪ್ಲಗ್‌ನ ಪಿಂಗಾಣಿಗೆ ಅಂಟಿಕೊಂಡಿರುತ್ತದೆ, ತಿರುಗಿಸಿದಾಗ ಬಿಡುತ್ತದೆ. ಎಳೆದರೆ ಬೂಟ್ ಹರಿದು ಅರ್ಧ ಬಾವಿಯಲ್ಲೇ ಉಳಿಯುತ್ತದೆ. ನನ್ನದು ಪೂರ್ತಿ ಬಂತು. ಬೂಟ್ ಕೆಳಗಿನ ಒಂದು ಇಂಚು ಎಣ್ಣೆಯಲ್ಲಿ ನೆನೆದು ಮೆತ್ತಗಾಗಿತ್ತು. ಟ್ಯಾಪೆಟ್ ಕವರಿನ ಟ್ಯೂಬ್ ಸೀಲ್ ಸೋರಿ ಎಣ್ಣೆ ಬಾವಿಗೆ ಇಳಿದಿತ್ತು. ಪ್ಲಗ್ ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಗಿನ ಲೋಹದವರೆಗೆ ಪೆನ್ಸಿಲ್ ಗೆರೆಯಂಥ ಒಂದು ಕಪ್ಪು ಗೆರೆ. ಬೂಟ್ ಒಳಗೂ ಅದಕ್ಕೆ ಸರಿಯಾಗಿ ಇನ್ನೊಂದು. ಕರೆಂಟ್ ಓಡಿ ಓಡಿ ಸುಟ್ಟ ದಾರಿ ಅದು. ಒಂದು ಸಲ ಈ ಗೆರೆ ಬಿತ್ತು ಅಂದರೆ ಒರೆಸಿದರೆ ಹೋಗುವುದಿಲ್ಲ. ಹೊಸ ಕಾಯಿಲ್ ತಂದು ಅದೇ ಪ್ಲಗ್ ಮೇಲೆ ಹಾಕಿದರೆ ಹೊಸ ಬೂಟಿಗೂ ಗೆರೆ ಬೀಳುತ್ತದೆ. ಕಾಯಿಲ್ ಬದಲಿಸುವಾಗ ಪ್ಲಗ್ ಕೂಡ ಬದಲಿಸಿ ಅಂತ ಹೇಳುವುದು ಇದಕ್ಕೇ.

ಪ್ಲಗ್‌ಗಳ ಸಂದು ಅಳೆದೆ. 1.1 ಮಿಲಿಮೀಟರ್ ಇರಬೇಕಾದಲ್ಲಿ ಸವೆದು 1.3 ದಾಟಿತ್ತು. ಸಂದು ಅಗಲವಾದಷ್ಟೂ ಕಾಯಿಲ್ ಜಾಸ್ತಿ ವೋಲ್ಟೇಜ್ ಕೊಡಬೇಕು. ಸವೆದ ಪ್ಲಗ್ ಒಳ್ಳೆ ಕಾಯಿಲನ್ನೂ ನಿಧಾನವಾಗಿ ಕೊಲ್ಲುತ್ತದೆ. ಹಾಗಾಗಿ ಪ್ಲಗ್ ನಾಲ್ಕೂ ಹೊಸದು. ಕಾಯಿಲ್ ಮಾತ್ರ ಒಂದೇ.

ಈಗ ಮುಖ್ಯ ವಿಷಯ. ನಾಲ್ಕೂ ಕಾಯಿಲ್ ಹೊರಗಿಟ್ಟು ನೋಡಿದಾಗ ಮೂರರ ಮೈಮೇಲೆ ಡೆನ್ಸೋ ಹೆಸರು ಅಚ್ಚಾಗಿತ್ತು. ಕಾರಿನ ಜೊತೆ ಬಂದ ಕಾಯಿಲ್‌ಗಳೇ ಅವು. ಕೆಟ್ಟಿದ್ದರ ಮೇಲೆ ಯಾವ ಹೆಸರೂ ಇಲ್ಲ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಹಾಕಿದ ಲೋಕಲ್ ಮಾಲು. ಮೊದಲಿನ ಮೂರು ಎರಡು ಲಕ್ಷ ಕಿಲೋಮೀಟರ್ ಕಳೆದು ಬಿಸಿಯಲ್ಲೂ 10 ಮಿಲಿಮೀಟರ್ ಹಾರಿಸುತ್ತಿವೆ, ನಡುವೆ ಬಂದದ್ದು ಹೋಗಿದೆ. ಹೊಸದು ಯಾವುದು ತರಬೇಕು ಅನ್ನುವ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಬೇಕಿರಲಿಲ್ಲ. ನಿಮ್ಮ ಗಾಡಿಯಲ್ಲಿ ಬಾಷ್, ಹಿಟಾಚಿ ಅಥವಾ ಬೇರೆ ಕಂಪನಿಯ ಕಾಯಿಲ್ ಬಂದಿದ್ದರೆ ಅದನ್ನೇ ಹುಡುಕಿ. ಡೆನ್ಸೋ ಅಂತ ನಾನು ಹೇಳುತ್ತಿರುವುದು ನನ್ನ ಇಂಜಿನ್ನಿಗೆ ಮೊದಲಿನಿಂದ ಇದ್ದದ್ದು ಅದು ಅಂತ.

ಕೆಟ್ಟ ಕಾಯಿಲನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿದೆ. ಒಳಗೆ ಸೆಕೆಂಡರಿ ತಂತಿಯ ಸುತ್ತ ಇನ್ಸುಲೇಷನ್ನಿಗೆ ತುಂಬಿರುವ ಗಟ್ಟಿ ಅಂಟು, ಅಂದರೆ ಎಪಾಕ್ಸಿಯಲ್ಲಿ ಗಾಳಿಗುಳ್ಳೆಗಳು. ಒಂದು ಗುಳ್ಳೆಯಿಂದ ಮಧ್ಯದ ಕಬ್ಬಿಣದ ಸರಳಿನವರೆಗೆ ಕಂದು ಬಣ್ಣದ ಸುಟ್ಟ ಗುರುತು. ಒಳ್ಳೆ ಕಾಯಿಲ್‌ಗಳಲ್ಲಿ ಎಪಾಕ್ಸಿಯನ್ನು ವ್ಯಾಕ್ಯೂಮ್‌ನಲ್ಲಿ ತುಂಬುತ್ತಾರೆ, ಗುಳ್ಳೆ ಉಳಿಯಬಾರದು ಅಂತಲೇ. ಗುಳ್ಳೆ ಇದ್ದಲ್ಲಿ ಹೈ ವೋಲ್ಟೇಜ್ ಸಣ್ಣ ಸಣ್ಣದಾಗಿ ಸೋರಿ ಸುತ್ತಲಿನ ಎಪಾಕ್ಸಿಯನ್ನು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಇದೇನೂ ಕಾಣುವುದಿಲ್ಲ. ಅಂಗಡಿಯಲ್ಲಿ ಎರಡು ಕಾಯಿಲ್ ಪಕ್ಕಪಕ್ಕ ಇಟ್ಟರೆ ಆಕಾರ ಒಂದೇ, ಬಣ್ಣ ಒಂದೇ, ಕಪ್ಲರ್ ಒಂದೇ. ವ್ಯತ್ಯಾಸ ಇರುವುದು ಕಣ್ಣಿಗೆ ಬೀಳದ ಜಾಗದಲ್ಲಿ. ಹಾಗಾಗಿಯೇ ಕಾಯಿಲ್ ವಿಷಯದಲ್ಲಿ ಅಗ್ಗದ ಮಾಲನ್ನು ನಾನು ಯಾರಿಗೂ ಹೇಳುವುದಿಲ್ಲ.

ಹೊಸ ಡೆನ್ಸೋ ಕಾಯಿಲ್ ಕೈಗೆ ಬಂದಾಗ ನೋಡಿದ್ದು ಇಷ್ಟು. ಮೈಮೇಲಿನ ಪಾರ್ಟ್ ನಂಬರ್ ಹಳೆ ಮೂರರ ನಂಬರಿಗೆ ಸರಿಹೊಂದುತ್ತದೆ. ಅಚ್ಚು ಸ್ಪಷ್ಟವಾಗಿದೆ, ಉಗುರಿನಲ್ಲಿ ಕೆರೆದರೆ ಏಳುವುದಿಲ್ಲ. ಪಿನ್‌ಗಳು ನೆಟ್ಟಗೆ ಹೊಳೆಯುತ್ತಿವೆ. ಬೂಟ್ ಒಳಗಿನ ಸ್ಪ್ರಿಂಗ್ ಮಧ್ಯದಲ್ಲೇ ಇದೆ, ಬೆರಳಲ್ಲಿ ಒತ್ತಿದರೆ ಹಿಂದಕ್ಕೆ ಪುಟಿಯುತ್ತದೆ. ಪ್ರಸಿದ್ಧ ಹೆಸರಿನ ಡುಪ್ಲಿಕೇಟ್‌ಗಳು ಎಲ್ಲ ಕಡೆ ಇರುವುದರಿಂದ ಡಬ್ಬಿ ನೋಡಿ ನಂಬಬೇಡಿ. ಹಳೆಯದನ್ನು ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ. ಇಲ್ಲವೇ ಕಾರು ಕಂಪನಿಯ ಕೌಂಟರಿನಲ್ಲೇ ಕೊಳ್ಳಿ. ಬೆಲೆ ಲೋಕಲ್ ಮಾಲಿಗಿಂತ ಜಾಸ್ತಿಯೇ. ಮೂರು ಹಳೆ ಕಾಯಿಲ್ ನೋಡಿದ ಮೇಲೆ ನನಗೆ ಅದು ನ್ಯಾಯವಾಗಿ ಕಂಡಿತು.

ಹಾಕುವ ಕೆಲಸ ಬೇಗ ಮುಗಿಯುತ್ತದೆ. ಪ್ಲಗ್ ಬಿಚ್ಚುವ ಮೊದಲು ಬಾವಿಯ ಎಣ್ಣೆಯನ್ನು ಬಟ್ಟೆಯಲ್ಲಿ ಹೀರಿಸಿ, ಗಾಳಿ ಊದಿ ದೂಳು ಹೊರಗೆ ಹಾಕಿದೆ. ಬಿಚ್ಚಿದ ಮೇಲೆ ಅದೆಲ್ಲ ಸಿಲಿಂಡರಿಗೇ ಬೀಳುತ್ತದೆ. ಇಂಜಿನ್ ತಣ್ಣಗಿರಬೇಕು, ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಬಿಸಿಯಲ್ಲಿ ಹಾಳಾಗುವುದು ಸುಲಭ. ಹೊಸ ಪ್ಲಗ್ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಪುಸ್ತಕದಲ್ಲಿದ್ದಷ್ಟೇ ಬಿಗಿ ಮಾಡಿದೆ. ಬೂಟ್ ಒಳಗಿನ ಅಂಚಿಗೆ ಕರೆಂಟ್ ಹರಿಯದ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿದೆ, ಸ್ಪ್ರಿಂಗಿಗೆ ತಾಗಿಸಲಿಲ್ಲ. ಕಾಯಿಲ್ ಒತ್ತಿದಾಗ ಪ್ಲಗ್ ತಲೆ ಹಿಡಿದುಕೊಂಡದ್ದು ಕೈಗೆ ಗೊತ್ತಾಗುತ್ತದೆ. ಬೋಲ್ಟ್ 9 ನ್ಯೂಟನ್ ಮೀಟರ್ ಆಸುಪಾಸು ಸಾಕು, ಅದು ಕಾಯಿಲ್ ಅಲುಗದಂತೆ ಹಿಡಿಯುವುದಕ್ಕೆ ಮಾತ್ರ. ಕಪ್ಲರ್ ಟಕ್ ಅಂತ ಕೂರಬೇಕು.

ಹೊಸ ಕಾಯಿಲ್‌ಗೂ ಅದೇ ಪರೀಕ್ಷೆ ಕೊಟ್ಟೆ. ಕೋಡ್ ಅಳಿಸಿ, ಬಿಸಿ ಮಾಡಿ, ಅದೇ ಏರು, ಅದೇ ನಾಲ್ಕನೇ ಗೇರ್, ಪೂರ್ತಿ ಆಕ್ಸಿಲರೇಟರ್. ಕಾರು ಒಂದೇ ಸಮನೆ ಎಳೆಯಿತು. "ಏನೂ ಬಂದಿಲ್ಲ ಕಣಮ್ಮ, ಖಾಲಿ ಇದೆ," ಅಂದರು ಅಪ್ಪ. ಮೈಲೇಜ್ ಮೊದಲಿನ ಮಟ್ಟಕ್ಕೆ ಬಂದಿದೆ. ಇದರಲ್ಲಿ ಹೊಸ ಪ್ಲಗ್‌ಗಳ ಪಾಲೂ ಇದೆ, ಎಲ್ಲ ಶ್ರೇಯ ಕಾಯಿಲ್‌ಗೆ ಕೊಡುವುದಿಲ್ಲ.

ನಾಲ್ಕೂ ಕಾಯಿಲ್ ಒಟ್ಟಿಗೆ ಬದಲಿಸಿಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿಸಿಯಲ್ಲಿ ಪಾಸಾದ ಕಾಯಿಲನ್ನು ಎಸೆಯಲು ಕಾರಣವಿಲ್ಲ. ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚದೆ ಕಾಯಿಲ್ ಕೈಗೆ ಸಿಗದ ಇಂಜಿನ್ನುಗಳಲ್ಲಿ ಮಾತ್ರ ಒಟ್ಟಿಗೆ ಬದಲಿಸುವುದಕ್ಕೆ ಅರ್ಥವಿದೆ. ನನ್ನ ಕಾರಿನಲ್ಲಿ ಒಂದು ಬೋಲ್ಟ್, ಒಂದು ಕಪ್ಲರ್ ಅಷ್ಟೇ. ಅದರ ಬದಲು ಒಂದು ಹೆಚ್ಚುವರಿ ಕಾಯಿಲ್ ಮತ್ತು 10 ನಂಬರ್ ಸಾಕೆಟ್ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ದಾರಿಯಲ್ಲಿ ಯಾವುದು ಕೆಟ್ಟರೂ ಅಲ್ಲೇ ಹಾಕಿಕೊಂಡು ಹೊರಡಬಹುದು.

ಉಳಿದಿರುವುದು ಸೋರುವ ಟ್ಯೂಬ್ ಸೀಲ್. ಅದನ್ನು ಹಾಗೇ ಬಿಟ್ಟರೆ ಈ ಬೂಟ್ ಕೂಡ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೆಟ್ ಆರ್ಡರ್ ಮಾಡಿದ್ದೇನೆ. ಅದು ಬಂದ ದಿನ ನಾಲ್ಕೂ ಕಾಯಿಲ್ ಮತ್ತೆ ಹೊರಗೆ ಬರುತ್ತವೆ. ಆಗ ಹಳೆ ಮೂರರ ಬೂಟ್ ಒಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ, ಕಪ್ಪು ಗೆರೆ ಕಂಡದ್ದನ್ನು ಅಂದೇ ಬದಲಿಸುತ್ತೇನೆ.